ಕೈಪಿಡಿಯ ಎರಡು ಸಾಲು: ಕಡಿಮೆ ಬೆಲೆಗೆ ಸರಿಯಾದ ಸಿಂಥೆಟಿಕ್ ಎಂಜಿನ್ ಆಯಿಲ್ ಆರಿಸುವ ಬಗೆ

ಕಾರಿನ ಜೊತೆ ಬರುವ ಕೈಪಿಡಿಯನ್ನು ನಮ್ಮಲ್ಲಿ ಹೆಚ್ಚಿನವರು ಅದರ ಪ್ಲಾಸ್ಟಿಕ್ ಕವರಿನಿಂದ ಹೊರಗೆ ತೆಗೆಯುವುದೇ ಇಲ್ಲ. ಮುಂದಿನ ಸೀಟಿನೆದುರಿನ ಖಾನೆಯಲ್ಲಿ ವಿಮೆಯ ಕಾಗದ, ಹಳೆಯ ಟೋಲ್ ಚೀಟಿ, ಯಲ್ಲಮ್ಮನ ಗುಡ್ಡದಿಂದ ತಂದ ಭಂಡಾರದ ಪೊಟ್ಟಣ ಇವೆಲ್ಲವುಗಳ ಅಡಿಯಲ್ಲಿ ಅದು ವರ್ಷಗಟ್ಟಲೆ ಬಿದ್ದಿರುತ್ತದೆ. ಆ ಪುಸ್ತಕದ ಕೊನೆಯ ಭಾಗದಲ್ಲಿ, ಟೈರಿನ ಗಾಳಿ ಮತ್ತು ಬಲ್ಬುಗಳ ವ್ಯಾಟ್ ತಿಳಿಸುವ ಕೋಷ್ಟಕಗಳ ನಡುವೆ, ಎಂಜಿನ್ ಆಯಿಲ್ ಕುರಿತು ಎರಡೋ ಮೂರೋ ಸಾಲುಗಳಿರುತ್ತವೆ. ಯಾವ ಆಯಿಲ್ ಹಾಕಬೇಕು, ಎಷ್ಟು ಹಾಕಬೇಕು ಎಂಬುದರ ಜೊತೆಗೆ, ಎಲ್ಲಿ ಹಣ ಉಳಿಸಬಹುದು ಎಂಬುದಕ್ಕೂ ಉತ್ತರ ಆ ಸಾಲುಗಳಲ್ಲೇ ಇದೆ. ಅವುಗಳನ್ನು ಓದಲು ಬಲ್ಲವರು ದುಬಾರಿ ಡಬ್ಬಿಗೆ ಮರುಳಾಗಬೇಕಿಲ್ಲ, ಅಗ್ಗದ ಡಬ್ಬಿಗೆ ಹೆದರಬೇಕಾಗಿಯೂ ಇಲ್ಲ.

ಕಳೆದ ಏಪ್ರಿಲ್‌ನಲ್ಲಿ ವಿಜಯಪುರದ ಒಂದು ಗ್ಯಾರೇಜಿನಲ್ಲಿ ನನ್ನ ಪೆಟ್ರೋಲ್ ಕಾರಿನ ಆಯಿಲ್ ಬದಲಿಸಲೆಂದು ನಿಂತಿದ್ದೆ. ಕೈಪಿಡಿಯಲ್ಲಿ 0ಡಬ್ಲ್ಯು-20 ಎಂದಿತ್ತು, ಮಿಸ್ತ್ರಿ ಕಪಾಟಿನಿಂದ ಇಳಿಸಿದ್ದು 20ಡಬ್ಲ್ಯು-40. ನಾನು ತಡೆದಾಗ ಅವರು ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ಕನ್ನು ಎಳೆದು, ತುದಿಯಲ್ಲಿದ್ದ ಹನಿಯನ್ನು ಎರಡು ಬೆರಳುಗಳ ನಡುವೆ ತಿಕ್ಕಿ ನನ್ನ ಮುಂದೆ ಹಿಡಿದರು. “ನೋಡ್ರಿ ಸರ್, ನೀರ ಆಗೇತಿ ಇದು. ನಮ್ಮ ಕಡೆ ಬಿಸಲಿಗೆ ಇಂಥಾ ಆಯಿಲ್ ಎಲ್ಲಿ ತಡಕೋತೈತ್ರಿ? ದಪ್ಪಂದು ಹಾಕಸ್ರಿ, ಎಂಜಿನ್ ಬಾಳಿಕಿ ಬರತೈತಿ,” ಎಂದರು. ಆ ಮಾತಿನಲ್ಲಿ ಮೋಸವಿರಲಿಲ್ಲ. ಅವರು ತೋರಿಸುತ್ತಿದ್ದ ಡಬ್ಬಿ ನನ್ನ ಕೈಲಿದ್ದುದಕ್ಕಿಂತ ಅಗ್ಗದ್ದೇ ಆಗಿತ್ತು. ಅಂಬಾಸಡರ್, ಜೀಪು, ಹಳೆಯ ಟೆಂಪೋಗಳ ಎಂಜಿನ್ ಬಿಚ್ಚಿ ಕಲಿತ ಕೈಗಳಿಗೆ ದಪ್ಪ ಆಯಿಲ್ ಎಂದರೆ ರಕ್ಷಣೆ ಎಂಬ ಅನುಭವ ನಿಜವಾಗಿಯೂ ಇತ್ತು. ಆ ಎಂಜಿನ್‌ಗಳಲ್ಲಿ ಬೇರಿಂಗಿನ ಸಂದು ಹೆಚ್ಚು, ಆಯಿಲ್ ಹರಿಯುವ ದಾರಿ ಅಗಲ, ಹಾಗಾಗಿ ಮಂದವಾದ ಕೀಲೆಣ್ಣೆಯೇ ಅವುಗಳಿಗೆ ಹೊಂದುತ್ತಿತ್ತು. ಬದಲಾದದ್ದು ಎಂಜಿನ್.

ಆ ಅಂಕಿಗಳ ಅರ್ಥವನ್ನು ಮೊದಲು ನೋಡೋಣ. 0ಡಬ್ಲ್ಯು-20, 5ಡಬ್ಲ್ಯು-30, 15ಡಬ್ಲ್ಯು-40 ಎಂಬ ಬರಹಗಳು ಅಮೆರಿಕದ ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇ ನಿಗದಿಪಡಿಸಿದ ಸ್ನಿಗ್ಧತೆಯ ದರ್ಜೆಗಳು. ಸ್ನಿಗ್ಧತೆ ಎಂದರೆ ದ್ರವವೊಂದು ಹರಿಯಲು ತೋರುವ ಪ್ರತಿರೋಧ. ಜೇನುತುಪ್ಪದಲ್ಲಿ ಅದು ಹೆಚ್ಚು, ನೀರಿನಲ್ಲಿ ಕಡಿಮೆ. ಡಬ್ಲ್ಯು ಎಂಬುದು ಚಳಿಗಾಲವನ್ನು ಸೂಚಿಸುವ ಇಂಗ್ಲಿಷ್ ಪದದ ಮೊದಲಕ್ಷರ. ಅದರ ಹಿಂದಿನ ಅಂಕಿ ತಣ್ಣಗಿರುವಾಗ ಆಯಿಲ್ ಎಷ್ಟು ಸಲೀಸಾಗಿ ಚಲಿಸುತ್ತದೆ ಎಂಬುದನ್ನು ಹೇಳುತ್ತದೆ. 0ಡಬ್ಲ್ಯು ಆಯಿಲನ್ನು ಮೈನಸ್ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ, 5ಡಬ್ಲ್ಯುವನ್ನು ಮೈನಸ್ 30ರಲ್ಲಿ, 15ಡಬ್ಲ್ಯುವನ್ನು ಮೈನಸ್ 20ರಲ್ಲಿ ಪರೀಕ್ಷಿಸುತ್ತಾರೆ. ಎರಡನೆಯ ಅಂಕಿ ಎಂಜಿನ್ ಪೂರ್ತಿ ಕಾದಾಗಿನ ಸ್ಥಿತಿಯದು. 100 ಡಿಗ್ರಿಯಲ್ಲಿ ಅಳೆದಾಗ 20ರ ದರ್ಜೆಯ ಆಯಿಲ್ 6.9ರಿಂದ 9.3 ಸೆಂಟಿಸ್ಟೋಕ್ (ಸ್ನಿಗ್ಧತೆಯ ಒಂದು ಅಳತೆ), 30ರ ದರ್ಜೆಯದು 9.3ರಿಂದ 12.5, 40ರ ದರ್ಜೆಯದು 12.5ರಿಂದ 16.3ರ ಒಳಗೆ ಬರಬೇಕು. ಇದಲ್ಲದೆ 150 ಡಿಗ್ರಿ ಬಿಸಿಯಲ್ಲಿ, ಬೇರಿಂಗಿನೊಳಗಿನಂತೆಯೇ ಆಯಿಲನ್ನು ಜೋರಾಗಿ ಉಜ್ಜುತ್ತ ಮಾಡುವ ಇನ್ನೊಂದು ಪರೀಕ್ಷೆಯಿದೆ. ಲೋಹಕ್ಕೆ ಲೋಹ ತಾಗದಂತೆ ತಡೆಯುವ ಆಯಿಲ್ ಪದರ ಎಷ್ಟು ಗಟ್ಟಿ ಎಂಬುದು ಗೊತ್ತಾಗುವುದು ಇಲ್ಲಿ. ಆ ಬಿಸಿಯಲ್ಲೂ 20ರ ದರ್ಜೆಯ ಸ್ನಿಗ್ಧತೆ, ಮಿಲಿಪ್ಯಾಸ್ಕಲ್ ಸೆಕೆಂಡ್ ಎಂಬ ಇನ್ನೊಂದು ಅಳತೆಯಲ್ಲಿ, 2.6ಕ್ಕಿಂತ, 30ರ ದರ್ಜೆಯದು 2.9ಕ್ಕಿಂತ ಕೆಳಗಿಳಿಯುವಂತಿಲ್ಲ.

ಈಗ ಮಿಸ್ತ್ರಿಯ ಬಿಸಿಲಿನ ವಾದಕ್ಕೆ ಬರೋಣ. ನಮ್ಮ ಭಾಗದಲ್ಲಿ ಎಲ್ಲರೂ ನಂಬಿರುವ ಮಾತು ಅದಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ವಿಜಯಪುರ, ಬಾಗಲಕೋಟೆಗಳಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದು ನಿಜ. ಆದರೆ ಸಾಮಾನ್ಯವಾದ ಒಂದು 5ಡಬ್ಲ್ಯು-30 ಆಯಿಲ್ 100 ಡಿಗ್ರಿಯಲ್ಲಿ ಸುಮಾರು 10 ಸೆಂಟಿಸ್ಟೋಕ್ ಇದ್ದರೆ, 40 ಡಿಗ್ರಿಯಲ್ಲಿ ಸುಮಾರು 60 ಸೆಂಟಿಸ್ಟೋಕ್ ಇರುತ್ತದೆ. ಅಂದರೆ ಮೇ ತಿಂಗಳ ಮಟಮಟ ಮಧ್ಯಾಹ್ನ ಗೋಳಗುಮ್ಮಟದ ಮುಂದೆ ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಕೂಡ, ಚಾವಿ ತಿರುಗಿಸುವ ಕ್ಷಣಕ್ಕೆ ಆಯಿಲ್ ತನಗೆ ಬೇಕಾದುದಕ್ಕಿಂತ ಆರು ಪಟ್ಟು ದಪ್ಪವಾಗಿರುತ್ತದೆ. ನಮಗೆ ಸುಡುವ ಬಿಸಿಲು ಎಂಜಿನ್ ಆಯಿಲ್‌ನ ಪಾಲಿಗೆ ಇನ್ನೂ ತಂಪು. ಕಾದ ಮೇಲೆ ಎಂಜಿನ್‌ನ ಬಿಸಿಯನ್ನು ಹತೋಟಿಯಲ್ಲಿಡುವುದು ಥರ್ಮೋಸ್ಟಾಟ್, ಕೂಲಂಟ್ ಮತ್ತು ರೇಡಿಯೇಟರ್. ಅವು ಸರಿಯಾಗಿದ್ದರೆ ಹೊರಗೆ 15 ಡಿಗ್ರಿ ಇರಲಿ, 42 ಡಿಗ್ರಿ ಇರಲಿ, ಒಳಗಿನ ಬಿಸಿಯಲ್ಲಿ ದೊಡ್ಡ ಅಂತರ ಬರುವುದಿಲ್ಲ. ಭಾರ ಹೇರಿಕೊಂಡು ಚೋರ್ಲಾ ಘಾಟ್ ಹತ್ತುವಾಗ ಆಯಿಲ್‌ನ ಬಿಸಿ ಖಂಡಿತ ಏರುತ್ತದೆ, ಆದರೆ ಎಂಜಿನ್ ರೂಪಿಸಿದವರು ಆ ಏರಿಕೆಯನ್ನೂ ಲೆಕ್ಕಕ್ಕೆ ಹಿಡಿದೇ ದರ್ಜೆಯನ್ನು ನಿಗದಿ ಮಾಡಿರುತ್ತಾರೆ.

ಹೊಸ ಎಂಜಿನ್‌ಗೆ ದಪ್ಪ ಆಯಿಲ್ ಹಾಕಿದರೆ ಮಾರನೆಯ ದಿನವೇ ಅದು ಕೆಟ್ಟು ನಿಲ್ಲುವುದಿಲ್ಲ, ಆದ್ದರಿಂದಲೇ ಈ ರೂಢಿ ಉಳಿದುಕೊಂಡಿದೆ. ಆಗುವ ನಷ್ಟ ನಿಧಾನದ್ದು. ಬೆಳಿಗ್ಗೆ ಎಂಜಿನ್ ಚಾಲೂ ಮಾಡಿದಾಗ ಆಯಿಲ್ ಮೇಲಿನ ಭಾಗಗಳಿಗೆ ತಲುಪಲು ತಡವಾಗುತ್ತದೆ. ಕವಾಟಗಳು ತೆರೆಯುವ ಸಮಯವನ್ನು ಆಯಿಲ್ ಒತ್ತಡದಿಂದಲೇ ಹೊಂದಿಸುವ ವ್ಯವಸ್ಥೆ ಈಗಿನ ಬಹುತೇಕ ಪೆಟ್ರೋಲ್ ಎಂಜಿನ್‌ಗಳಲ್ಲಿದ್ದು, ಅದು ತಾನು ಸ್ಪಂದಿಸಬೇಕಾದ ವೇಗದಲ್ಲಿ ಸ್ಪಂದಿಸುವುದಿಲ್ಲ. ಮೈಲೇಜು ತುಸು ಇಳಿಯುತ್ತದೆ. ಹಾಗೆಂದು ತೆಳುವಾದದ್ದೇ ಯಾವಾಗಲೂ ಉತ್ತಮ ಎಂದೂ ಅಲ್ಲ. ಎಷ್ಟೋ ಕೈಪಿಡಿಗಳು ಹೊರಗಿನ ತಾಪಮಾನದ ಪಟ್ಟಿಯೊಂದನ್ನು ಕೊಟ್ಟು, ಎರಡು ಮೂರು ದರ್ಜೆಗಳಿಗೆ ಅವಕಾಶ ನೀಡಿರುತ್ತವೆ. ಅಂಥ ಕಡೆ, ಯಾವಾಗಲೂ ಐದು ಜನ ತುಂಬಿಕೊಂಡು ಹೆದ್ದಾರಿಯಲ್ಲಿ ಓಡಾಡುವವರು ಆ ಪಟ್ಟಿಯೊಳಗಿನ ದಪ್ಪ ದರ್ಜೆಯನ್ನು ಆರಿಸಿಕೊಂಡರೆ ಅದು ಸರಿಯಾದ ನಿರ್ಧಾರವೇ. ಪಟ್ಟಿಯಿಂದ ಹೊರಗೆ ಹೋಗಬಾರದು, ಅಷ್ಟೇ.

ಸ್ನಿಗ್ಧತೆ ಹೊಂದಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಎರಡು 5ಡಬ್ಲ್ಯು-30 ಡಬ್ಬಿಗಳೊಳಗಿನ ರಾಸಾಯನಿಕಗಳು ಒಂದಕ್ಕೊಂದು ತೀರಾ ಬೇರೆಯಾಗಿರಬಹುದು. ಅದನ್ನು ತಿಳಿಸುವುದು ಕೈಪಿಡಿಯ ಎರಡನೆಯ ಸಾಲು. ಎಪಿಐ ಎಂದು ಕರೆಯಲಾಗುವ ಅಮೆರಿಕನ್ ಪೆಟ್ರೋಲಿಯಂ ಸಂಸ್ಥೆಯ ಗುಣದರ್ಜೆಯಲ್ಲಿ ಪೆಟ್ರೋಲ್ ಎಂಜಿನ್‌ಗೆ ಸಂಬಂಧಿಸಿದ್ದು ಎಸ್ ಅಕ್ಷರದಿಂದ ಆರಂಭವಾಗುತ್ತದೆ. 2004ರಲ್ಲಿ ಎಸ್‌ಎಂ, 2010ರಲ್ಲಿ ಎಸ್‌ಎನ್, 2020ರಲ್ಲಿ ಎಸ್‌ಪಿ, 2025ರಲ್ಲಿ ಎಸ್‌ಕ್ಯು ಬಂದವು. ಪೆಟ್ರೋಲ್ ಸಾಲಿನಲ್ಲಿ ಹೊಸ ದರ್ಜೆ ಹಳೆಯದರ ಜಾಗವನ್ನು ತುಂಬಬಲ್ಲದು, ಆದ್ದರಿಂದ ಕೈಪಿಡಿ ಎಸ್‌ಎನ್ ಎಂದಿದ್ದರೆ ಎಸ್‌ಪಿ ಹಾಕಬಹುದು. ಎಸ್‌ಪಿ ಎಂದಿದ್ದರೆ ಅಂಗಡಿಯಲ್ಲಿ ಉಳಿದುಹೋದ ಎಸ್‌ಎಂ ಡಬ್ಬಿಯನ್ನು ಹಾಕಬಾರದು. ಟರ್ಬೋ ಇರುವ ಚಿಕ್ಕ ಪೆಟ್ರೋಲ್ ಎಂಜಿನ್‌ಗಳಿಗೆ ಇದು ಬಹಳ ಮುಖ್ಯ. ಅವುಗಳಲ್ಲಿ ಕಡಿಮೆ ವೇಗದಲ್ಲಿ ಆಕ್ಸಿಲರೇಟರ್ ಒತ್ತಿದಾಗ, ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುವುದಕ್ಕೂ ಮೊದಲೇ ಇಂಧನ ಹೊತ್ತಿಕೊಂಡು ಪಿಸ್ಟನ್ನಿಗೆ ಪೆಟ್ಟು ಬೀಳುವ ತೊಂದರೆಯೊಂದು ಕಾಣಿಸಿಕೊಂಡಿತು. ಆಯಿಲ್‌ನಲ್ಲಿ ಕೊಳೆ ತೆಗೆಯಲು ಬಳಸುವ ಕ್ಯಾಲ್ಸಿಯಂ ಸಂಯುಕ್ತಗಳು ಅದಕ್ಕೆ ಇಂಬು ಕೊಡುತ್ತವೆಂದು ತಿಳಿದಾಗ, ತಯಾರಕರು ಅದರ ಸ್ವಲ್ಪ ಭಾಗದ ಬದಲಿಗೆ ಮೆಗ್ನೀಸಿಯಂ ಬಳಸತೊಡಗಿದರು. ಎಸ್‌ಪಿ ದರ್ಜೆ ಪಡೆಯಲು ಈ ತೊಂದರೆಯ ಪರೀಕ್ಷೆಯನ್ನೂ ಕವಾಟಗಳನ್ನು ಎಂಜಿನ್ ಜೊತೆ ಹೊಂದಿಸಿ ಓಡಿಸುವ ಟೈಮಿಂಗ್ ಚೈನಿನ ಸವೆತದ ಪರೀಕ್ಷೆಯನ್ನೂ ಆಯಿಲ್ ಪಾಸಾಗಬೇಕು.

ಡೀಸೆಲ್ ಕಾರುಗಳಲ್ಲಿ ತಪ್ಪಿನ ಬೆಲೆ ಇನ್ನೂ ಹೆಚ್ಚು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ, ಹೊಗೆ ಮಾಲಿನ್ಯ ನಿಯಂತ್ರಣದ ಬಿಎಸ್-6 ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಮಸಿ ತುಂಬಿದಾಗ ಕಾರು ತಾನೇ ಅದನ್ನು ಸುಟ್ಟು ಖಾಲಿ ಮಾಡಿಕೊಳ್ಳುತ್ತದೆ. ಆದರೆ ಆಯಿಲ್‌ನ ಸೇರ್ಪಡೆ ರಾಸಾಯನಿಕಗಳಲ್ಲಿರುವ ಲೋಹದ ಅಂಶ ಉರಿದು ಉಳಿಯುವ ಬೂದಿ ಮಾತ್ರ ಸುಡುವುದಿಲ್ಲ. ಅದು ಫಿಲ್ಟರಿನೊಳಗೇ ಕೂತು, ವರ್ಷದಿಂದ ವರ್ಷಕ್ಕೆ ಅದರ ಜಾಗವನ್ನು ಕಿರಿದಾಗಿಸುತ್ತದೆ. ಇದಕ್ಕಾಗಿಯೇ ಯುರೋಪಿನ ವಾಹನ ತಯಾರಕರ ಒಕ್ಕೂಟವಾದ ಎಸಿಇಎ, ಕಡಿಮೆ ಬೂದಿಯ ಆಯಿಲ್‌ಗಳನ್ನು ಸಿ ವರ್ಗವೆಂದು ಬೇರ್ಪಡಿಸಿದೆ. ಸಿ2, ಸಿ3 ದರ್ಜೆಗಳಲ್ಲಿ ಬೂದಿಯ ಅಂಶ ಶೇ 0.8 ಮೀರುವಂತಿಲ್ಲ. ಟ್ರ್ಯಾಕ್ಟರಿಗೆ, ಲಾರಿಗೆಂದು ಬ್ಯಾರೆಲ್ಲಿನಲ್ಲಿ ಇಟ್ಟಿರುವ ಹಳೆಯ ದರ್ಜೆಯ 15ಡಬ್ಲ್ಯು-40 ಆಯಿಲ್‌ಗಳಿಗೆ ಈ ಮಿತಿಯಿಲ್ಲ. ಹೊಲಕ್ಕೆ ಟ್ರ್ಯಾಕ್ಟರ್, ಮನೆಗೆ ಡೀಸೆಲ್ ಕಾರು ಎರಡೂ ಇರುವ ಕುಟುಂಬಗಳು ಮುಧೋಳ, ಜಮಖಂಡಿ, ಗೋಕಾಕ ಕಡೆ ಬಹಳ. ಮನೆಯಲ್ಲಿ ಆಯಿಲ್ ಇದ್ದೇ ಇದೆಯಲ್ಲ ಎಂದು ಅದನ್ನೇ ಕಾರಿಗೆ ಸುರಿಯುವ ಮೊದಲು ಈ ಬೂದಿಯ ವಿಷಯವನ್ನು ದಯವಿಟ್ಟು ನೆನಪಿಡಿ. ಡಿಪಿಎಫ್ ಬದಲಿಸಲು ತಗಲುವ ಹಣದಲ್ಲಿ ಎಷ್ಟೋ ವರ್ಷದ ಆಯಿಲ್ ಬರುತ್ತದೆ. ಇನ್ನೊಂದು ಸಂಗತಿಯೆಂದರೆ, ಪೆಟ್ರೋಲ್ ಸಾಲಿನ ಎಪಿಐ ದರ್ಜೆಗಳಲ್ಲಿ ಹೊಸದು ಹಳೆಯದರ ಜಾಗ ತುಂಬುತ್ತದೆ, ಆದರೆ ಎಸಿಇಎ ದರ್ಜೆಗಳಲ್ಲಿ ದೊಡ್ಡ ಅಂಕಿ ಎಂದರೆ ಹೆಚ್ಚು ಉತ್ತಮ ಎಂಬ ಅರ್ಥವಿಲ್ಲ. ಸಿ5 ಎಂಬುದು ಸಿ3ಕ್ಕಿಂತ ತೆಳುವಾದ, ಬೇರೆಯೇ ಎಂಜಿನ್‌ಗಳಿಗೆಂದು ಮಾಡಿದ ಆಯಿಲ್. ಒಂದರ ಬದಲು ಇನ್ನೊಂದನ್ನು ಹಾಕಲಾಗದು.

ಕೆಲವು ತಯಾರಕರು ಇಷ್ಟಕ್ಕೆ ನಿಲ್ಲದೆ ತಮ್ಮದೇ ಪರೀಕ್ಷೆಗಳನ್ನಿಟ್ಟು ತಮ್ಮದೇ ಸಂಕೇತಗಳನ್ನು ಕೊಡುತ್ತಾರೆ. ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾ ಕಾರುಗಳಿಗೆ 502 00, 508 00 ಎಂಬಂಥವು, ಬಿಎಂಡಬ್ಲ್ಯುವಿಗೆ ಲಾಂಗ್‌ಲೈಫ್-04, ಮರ್ಸಿಡಿಸ್ ಬೆಂಜ್‌ಗೆ 229.51 ಇತ್ಯಾದಿ. ಫೋರ್ಡಿನ 1.0 ಲೀಟರ್ ಇಕೋಬೂಸ್ಟ್‌ನಂಥ ಎಂಜಿನ್‌ನಲ್ಲಿ ಟೈಮಿಂಗ್ ಬೆಲ್ಟ್ ಆಯಿಲ್‌ನಲ್ಲೇ ಮಿಂದು ಓಡುತ್ತದೆ, ಹಾಗಾಗಿ ಆ ರಬ್ಬರಿಗೆ ಒಗ್ಗದ ಆಯಿಲ್ ಹಾಕಿದರೆ ಬೆಲ್ಟ್ ಬೇಗ ಹಾಳಾಗುತ್ತದೆ. ಡಬ್ಬಿಯ ಹಿಂಭಾಗದಲ್ಲಿ ಇಂಥ ಸಂಕೇತಗಳನ್ನು ಓದುವಾಗ ಅವುಗಳ ಜೊತೆಗಿರುವ ಪದವನ್ನು ಗಮನಿಸಬೇಕು. ‘ಅನುಮೋದಿತ’ ಎಂಬರ್ಥದ ಅಪ್ರೂವ್ಡ್ ಎಂದಿದ್ದರೆ ಕಾರು ತಯಾರಕರೇ ಪರೀಕ್ಷೆಯ ವರದಿ ನೋಡಿ ಒಪ್ಪಿಗೆ ಕೊಟ್ಟಿದ್ದಾರೆ. ಮೀಟ್ಸ್, ಸೂಟೆಬಲ್ ಫಾರ್, ರೆಕಮೆಂಡೆಡ್ ಫಾರ್ ಎಂದಿದ್ದರೆ ಅದು ಆಯಿಲ್ ಮಾಡಿದ ಕಂಪನಿಯ ಸ್ವಂತ ಹೇಳಿಕೆ. ಆ ಹೇಳಿಕೆ ಸುಳ್ಳೆಂದೇನೂ ಅಲ್ಲ, ಆದರೆ ವಾರಂಟಿ ಇರುವ ಕಾರಿಗೆ ನಾನಾದರೆ ಅನುಮೋದನೆ ಇರುವುದನ್ನೇ ಆರಿಸುತ್ತೇನೆ. ಎಪಿಐ ಪರವಾನಗಿ ಪಡೆದ ಆಯಿಲ್‌ಗಳ ಪಟ್ಟಿಯನ್ನು ಆ ಸಂಸ್ಥೆ ತನ್ನ ಜಾಲತಾಣದಲ್ಲೇ ಇಟ್ಟಿದೆ. ಮರ್ಸಿಡಿಸ್ ಬೆಂಜ್ ಕೂಡ ತನ್ನ ಅನುಮೋದಿತ ಪಟ್ಟಿಯನ್ನು ಪ್ರಕಟಿಸುತ್ತದೆ. ಅಂಗಡಿಯಲ್ಲಿ ನಿಂತೇ ಫೋನಿನಲ್ಲಿ ಹುಡುಕಿ ನೋಡಬಹುದು.

ಇಷ್ಟು ಹೇಳಿಯೂ ‘ಸಿಂಥೆಟಿಕ್’ ಎಂಬ ಪದವನ್ನು ನಾನು ಇನ್ನೂ ಮುಟ್ಟದಿರುವುದಕ್ಕೆ ಕಾರಣವಿದೆ. ಡಬ್ಬಿಯ ಮುಂಭಾಗದಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವುದು ಆ ಪದ, ಬೆಲೆ ಏರಿಸುವುದೂ ಅದೇ, ಆದರೆ ಆಯ್ಕೆಯಲ್ಲಿ ಅದರ ಪಾತ್ರ ಕಡಿಮೆ. ಎಂಜಿನ್ ಆಯಿಲ್‌ನ ಬಹುಪಾಲು ಮೂಲ ತೈಲ, ಉಳಿದದ್ದು ಸೇರ್ಪಡೆ ರಾಸಾಯನಿಕಗಳು. ಮೂಲ ತೈಲಗಳಲ್ಲಿ ಐದು ಗುಂಪುಗಳಿವೆ. ಮೊದಲೆರಡು ಗುಂಪುಗಳು ಕಚ್ಚಾ ತೈಲದಿಂದ ಬರುವ ಮಿನರಲ್ ಆಯಿಲ್‌ಗಳು. ಮೂರನೆಯದೂ ಕಚ್ಚಾ ತೈಲದ್ದೇ, ಆದರೆ ಹೈಡ್ರೋಜನ್ ಜೊತೆ ಹೆಚ್ಚಿನ ಒತ್ತಡ ಮತ್ತು ಬಿಸಿಯಲ್ಲಿ ಅದರ ಅಣುಗಳನ್ನೇ ಒಡೆದು ಮರುರೂಪಿಸಿರುತ್ತಾರೆ. ನಾಲ್ಕನೆಯದು ಪಿಎಒ ಎಂಬ, ಅಣುಗಳನ್ನು ಜೋಡಿಸಿ ಕಟ್ಟಿದ ತೈಲ. ಐದನೆಯದರಲ್ಲಿ ಎಸ್ಟರ್ ಮುಂತಾದವು ಬರುತ್ತವೆ. ಒಂದು ಕಾಲಕ್ಕೆ ಕೊನೆಯ ಎರಡನ್ನು ಮಾತ್ರ ಸಿಂಥೆಟಿಕ್ ಎನ್ನುತ್ತಿದ್ದರು. ಮೂರನೆಯ ಗುಂಪಿನದನ್ನೂ ಹಾಗೆ ಕರೆಯಬಹುದೇ ಎಂದು ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ಕಂಪನಿಗಳ ನಡುವೆ ವಿವಾದ ಎದ್ದಾಗ, ಅಲ್ಲಿನ ಜಾಹೀರಾತು ಪರಿಶೀಲನಾ ಸಂಸ್ಥೆ 1999ರಲ್ಲಿ ಕರೆಯಬಹುದು ಎಂಬ ಕಡೆಗೆ ತೀರ್ಮಾನ ಕೊಟ್ಟಿತು. ಇಂದು ಅಂಗಡಿಗಳಲ್ಲಿ ಸಿಗುವ ಫುಲ್ಲಿ ಸಿಂಥೆಟಿಕ್ ಡಬ್ಬಿಗಳಲ್ಲಿ ಬಹಳಷ್ಟು ಈ ಮೂರನೆಯ ಗುಂಪಿನವೇ. ಅದರಲ್ಲಿ ತಪ್ಪೇನಿಲ್ಲ, ಸಾಮಾನ್ಯ ಕಾರಿಗೆ ಅದು ಧಾರಾಳವಾಗಿ ಸಾಕು. 0ಡಬ್ಲ್ಯು-20ರಂಥ ದರ್ಜೆಯನ್ನು ಬರಿಯ ಮಿನರಲ್ ಆಯಿಲ್‌ನಿಂದ ಮಾಡುವುದೇ ಕಷ್ಟವಾದ್ದರಿಂದ, ಆ ದರ್ಜೆಯೂ ಎಸ್‌ಪಿ ಗುರುತೂ ನಿಜವಾಗಿದ್ದರೆ ಸಿಂಥೆಟಿಕ್ ಎಂಬ ಪದ ನಿಮಗೆ ಹೊಸದೇನನ್ನೂ ತಿಳಿಸುವುದಿಲ್ಲ. ಸೆಮಿ ಸಿಂಥೆಟಿಕ್ ಎಂಬ ಪದವಂತೂ ಇನ್ನೂ ಸಡಿಲ. ಅದರಲ್ಲಿ ಸಿಂಥೆಟಿಕ್‌ನ ಪಾಲು ಎಷ್ಟೆಂದು ಡಬ್ಬಿ ಹೇಳುವುದಿಲ್ಲ.

ಹಾಗಾದರೆ ಅಗ್ಗದ್ದನ್ನು ಆರಿಸುವುದು ಹೇಗೆ? ದರ್ಜೆ, ಗುಣದರ್ಜೆ, ತಯಾರಕರ ಸಂಕೇತ ಮೂರೂ ಹೊಂದುವ ಡಬ್ಬಿಗಳನ್ನಷ್ಟೇ ಒಂದು ಕಡೆ ಇಟ್ಟುಕೊಂಡು, ಅವುಗಳಲ್ಲಿ ಲೀಟರಿಗೆ ಕಡಿಮೆ ಬೆಲೆಯದನ್ನು ಕಣ್ಣು ಮುಚ್ಚಿ ಕೊಳ್ಳಬಹುದು ಎಂಬುದು ನನ್ನ ಖಚಿತ ಅಭಿಪ್ರಾಯ. ಇಂಡಿಯನ್ ಆಯಿಲ್‌ನ ಸರ್ವೋ, ಭಾರತ್ ಪೆಟ್ರೋಲಿಯಂನ ಮ್ಯಾಕ್, ಹಿಂದೂಸ್ತಾನ್ ಪೆಟ್ರೋಲಿಯಂನ ಎಚ್‌ಪಿ ಆಯಿಲ್‌ಗಳು ಆ ಕಂಪನಿಗಳ ಬಂಕ್‌ಗಳಲ್ಲೇ ಸಿಗುತ್ತವೆ. ಕಾರು ಕಂಪನಿಗಳು ತಮ್ಮ ಹೆಸರಿನಲ್ಲಿ ಮಾರುವ ಜೆನ್ಯುಯಿನ್ ಆಯಿಲನ್ನು ಸಾಮಾನ್ಯವಾಗಿ ತಯಾರಿಸಿಕೊಡುವವರೂ ಇಂಥ ತೈಲ ಕಂಪನಿಗಳೇ, ಮತ್ತು ಎಷ್ಟೋ ಸಲ ಅದು ಜಾಹೀರಾತಿನಲ್ಲಿ ಮೆರೆಯುವ ಬ್ರ್ಯಾಂಡುಗಳಿಗಿಂತ ಅಗ್ಗವಾಗಿರುತ್ತದೆ. ಲೆಕ್ಕಕ್ಕೆಂದು ಒಂದು ಆಯಿಲ್ ಲೀಟರಿಗೆ 900 ರೂಪಾಯಿ, ಅದೇ ಗುಣದ ಇನ್ನೊಂದು 500 ರೂಪಾಯಿ ಎಂದಿಟ್ಟುಕೊಳ್ಳಿ. ಮೂರೂವರೆ ಲೀಟರ್ ಹಿಡಿಯುವ ಕಾರಿಗೆ ಒಂದು ಸಲಕ್ಕೆ 1,400 ರೂಪಾಯಿ ಉಳಿಯುತ್ತದೆ.

ಅದೇ ಕಾರು ಲೀಟರಿಗೆ 15 ಕಿಲೋಮೀಟರ್ ಕೊಡುವುದಾದರೆ 10,000 ಕಿಲೋಮೀಟರಿಗೆ ಸುಮಾರು 667 ಲೀಟರ್ ಪೆಟ್ರೋಲ್ ಬೇಕು. ತಪ್ಪು ದರ್ಜೆಯ ದಪ್ಪ ಆಯಿಲ್‌ನಿಂದ ಮೈಲೇಜು ಶೇಕಡಾ ಒಂದರಷ್ಟೇ ಇಳಿದರೂ ಆರೂಮುಕ್ಕಾಲು ಲೀಟರ್ ಹೆಚ್ಚಿಗೆ ಸುಡುತ್ತದೆ. ಲೀಟರಿಗೆ 100 ರೂಪಾಯಿ ಹಿಡಿದರೂ 670 ರೂಪಾಯಿ ಹೋಯಿತು. ಮಿಸ್ತ್ರಿ ತೋರಿಸಿದ ಅಗ್ಗದ 20ಡಬ್ಲ್ಯು-40ರಲ್ಲಿ ಉಳಿಯುವ ಹಣದ ಒಂದು ಭಾಗ ಹೀಗೆ ಬಂಕಿನಲ್ಲೇ ಕರಗಿಹೋಗುತ್ತದೆ.

ಡಬ್ಬಿಯ ಅಳತೆಯಲ್ಲೂ ಉಳಿತಾಯವಿದೆ. ಬಿಡಿ ಲೀಟರಿಗಿಂತ ಮೂರು, ಮೂರೂವರೆ, ನಾಲ್ಕು ಲೀಟರಿನ ಡಬ್ಬಿಗಳು ಸಾಮಾನ್ಯವಾಗಿ ಅಗ್ಗ. ಉಳಿದದ್ದನ್ನು ಮುಚ್ಚಳ ಬಿಗಿಮಾಡಿ ಇಟ್ಟುಕೊಂಡರೆ ನಡುವೆ ಮಟ್ಟ ಇಳಿದಾಗ ಹಾಕಲು ಬರುತ್ತದೆ. ಬ್ಯಾರೆಲ್ಲಿನಿಂದ ಅಳೆದು ಕೊಡುವ ಲೂಸ್ ಆಯಿಲ್ ಮಾತ್ರ ಬೇಡ, ಅದರಲ್ಲಿ ಏನಿದೆ ಎಂದು ಓದಲು ನಿಮಗೆ ಡಬ್ಬಿಯೇ ಇರುವುದಿಲ್ಲ. ನಕಲಿ ಆಯಿಲ್‌ನ ಹಾವಳಿ ಇರುವುದರಿಂದ ಸೀಲ್, ಬ್ಯಾಚ್ ಸಂಖ್ಯೆ, ತಯಾರಾದ ತಿಂಗಳು ಮತ್ತು ವರ್ಷ, ಎಂಆರ್‌ಪಿ ಇವನ್ನು ನೋಡಿ, ಬಿಲ್ ಪಡೆಯಬೇಕು. ಎಂಆರ್‌ಪಿಯ ಅರ್ಧಕ್ಕೆ ಕೊಡುತ್ತೇನೆಂದು ಯಾರಾದರೂ ಒತ್ತಾಯಿಸಿದರೆ ಕೊಳ್ಳದೆ ಬರುವುದು ಲೇಸು. ಖಾಲಿಯಾದ ಡಬ್ಬಿಯನ್ನು ನಾನು ಗ್ಯಾರೇಜಿನಲ್ಲೇ ಚಾಕುವಿನಿಂದ ಸೀಳಿಸುತ್ತೇನೆ. ಅದರಲ್ಲಿ ಮತ್ತೇನನ್ನೋ ತುಂಬಿ ಇನ್ನೊಬ್ಬರಿಗೆ ಮಾರುವ ದಾರಿ ಅಲ್ಲಿಗೆ ಮುಚ್ಚುತ್ತದೆ.

ಅವಧಿಯ ವಿಷಯದಲ್ಲಿ ನಮ್ಮ ಜಿಲ್ಲೆಗಳವರು ಹೆಚ್ಚು ಎಚ್ಚರ ವಹಿಸಬೇಕು. ನಮ್ಮಲ್ಲಿ ಓಡಾಡುವ ಬಹಳಷ್ಟು ಕಾರುಗಳಿಗೆ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು, ಎಂಬ ಅವಧಿ ಇರುತ್ತದೆ. ಸಿಂಥೆಟಿಕ್ ಹಾಕಿದ್ದೇನೆ, 20,000 ಓಡಿಸುತ್ತೇನೆ ಎನ್ನುವ ಲೆಕ್ಕ ಕೈಪಿಡಿಯಲ್ಲಿಲ್ಲ. ಅದರ ಬದಲು ಕೈಪಿಡಿಯಲ್ಲಿ ಕಠಿಣ ಬಳಕೆ ಎಂಬ ಇನ್ನೊಂದು ಪಟ್ಟಿಯಿರುತ್ತದೆ: ಧೂಳಿನ ರಸ್ತೆ, ಪದೇ ಪದೇ ಚಿಕ್ಕ ಪ್ರಯಾಣ, ನಿಂತಲ್ಲೇ ಬಹಳ ಹೊತ್ತು ಚಾಲೂ ಇಡುವುದು. ಕಬ್ಬಿನ ಹಂಗಾಮಿನಲ್ಲಿ ಬಬಲೇಶ್ವರದ ಮೇಲೆ ಜಮಖಂಡಿಗೆ ಹೋಗುವವರಿಗೆ ಇವೆಲ್ಲ ಒಂದೇ ದಿನದಲ್ಲಿ ಸಿಗುತ್ತವೆ. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಹಿಂದೆ ಎಸಿ ಹಾಕಿಕೊಂಡು ಎರಡನೇ ಗೇರಿನಲ್ಲಿ ತೆವಳುವಾಗ ಕಿಲೋಮೀಟರ್ ಏರುವುದಿಲ್ಲ, ಎಂಜಿನ್ ಮಾತ್ರ ದುಡಿಯುತ್ತಲೇ ಇರುತ್ತದೆ. ಎರೆಮಣ್ಣಿನ ಸಣ್ಣ ಧೂಳು ಕೊಳೆಯಾದ ಏರ್ ಫಿಲ್ಟರಿನ ಅಂಚಿನಿಂದ ನುಸುಳಿದರೆ ಎಷ್ಟೇ ದುಬಾರಿ ಆಯಿಲ್ ಕೂಡ ಮರಳುಕಾಗದದಂತೆ ಸವೆಸುವ ಕಣಗಳನ್ನು ಹೊತ್ತು ತಿರುಗುತ್ತದೆ. ಇಂಥ ಬಳಕೆಯವರು ಅಗ್ಗದ, ಸರಿಯಾದ ಆಯಿಲನ್ನು 7,000 ಕಿಲೋಮೀಟರಿನ ಸುಮಾರಿಗೆ ಬದಲಿಸುವುದು, ದುಬಾರಿಯದನ್ನು 10,000ದವರೆಗೆ ಎಳೆಯುವುದಕ್ಕಿಂತ ಒಳ್ಳೆಯದೆಂದು ನಾನು ನಂಬಿದ್ದೇನೆ. ಆಯಿಲ್ ಫಿಲ್ಟರ್ ಮತ್ತು ಹಳೆಯ ಆಯಿಲ್ ಇಳಿಸುವ ಕೆಳಗಿನ ಬೋಲ್ಟಿನ ವಾಷರನ್ನು ಪ್ರತಿ ಸಲವೂ ಹೊಸದಾಗಿ ಹಾಕಿಸಬೇಕು.

ಬಿಎಸ್-6 ಡೀಸೆಲ್ ಇರುವವರು ಡಿಪ್‌ಸ್ಟಿಕ್ ಮೇಲೆ ಇನ್ನೊಂದು ಗುರುತು ನೋಡಬೇಕು. ಡಿಪಿಎಫ್‌ನ ಮಸಿ ಸುಡಲು ಎಂಜಿನ್ ಒಂದಿಷ್ಟು ಹೆಚ್ಚುವರಿ ಡೀಸೆಲ್ ಸಿಂಪಡಿಸುತ್ತದೆ. ಊರೊಳಗಿನ ಸಣ್ಣ ಓಡಾಟದಲ್ಲಿ ಆ ಕೆಲಸ ಅರ್ಧಕ್ಕೇ ನಿಂತರೆ, ಸ್ವಲ್ಪ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಜಾರಿ ಆಯಿಲ್‌ಗೆ ಸೇರುತ್ತದೆ. ಆಗ ಮಟ್ಟ ಇಳಿಯುವ ಬದಲು ಏರುತ್ತದೆ. ಆಯಿಲ್ ಕಡಿಮೆಯಾಗಿಲ್ಲ ಎಂದು ಸಂತೋಷಪಡುವ ಸಂದರ್ಭ ಅದಲ್ಲ. ಮೇಲಿನ ಗೆರೆ ದಾಟಿದ್ದರೆ ಕಿಲೋಮೀಟರ್ ನೋಡದೆ ಬದಲಿಸಬೇಕು.

ಅಂದು ಗ್ಯಾರೇಜಿನಲ್ಲಿ ನಾನು ಕೈಪಿಡಿಯ ಆ ಪುಟವನ್ನು ಮಿಸ್ತ್ರಿಯ ಮುಂದೆ ಬಿಚ್ಚಿಟ್ಟೆ. ಅವರು ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಸಾಲಿನ ಮೇಲೆ ಬೆರಳಿಟ್ಟು ಓದಿದರು. “ಇದ್ರಾಗ ಬರದಾರಂದ್ರ ಇದನ್ನ ಹಾಕೂಣ್ರಿ,” ಎಂದು ಬಂಕಿನಿಂದ ನಾನು ತಂದಿದ್ದ 0ಡಬ್ಲ್ಯು-20 ಡಬ್ಬಿಯ ಸೀಲನ್ನು ನನ್ನೆದುರೇ ಒಡೆದರು. ಫಿಲ್ಟರ್ ಬದಲಿಸಿ, ಮೂರು ಲೀಟರ್ ಸುರಿದು, ಎರಡು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿ, ಆಯಿಲ್ ಕೆಳಗಿಳಿಯಲು ಬಿಟ್ಟು ಡಿಪ್‌ಸ್ಟಿಕ್ ನೋಡಿದರು. ಎರಡು ಗೆರೆಗಳ ನಡುವೆ, ಮೇಲಿನದಕ್ಕೆ ಸಮೀಪದಲ್ಲಿ ಅದು ನಿಂತಿತ್ತು. ಆಮೇಲೆ ಅವರೇ ಒಂದು ಚೀಟಿಯ ಮೇಲೆ ದಿನಾಂಕ, ಕಿಲೋಮೀಟರ್, ಆಯಿಲ್‌ನ ದರ್ಜೆ ಬರೆದು, ಮೇಲೆ ಸೆಲ್ಲೋಟೇಪ್ ಹಚ್ಚಿ, ಬಾನೆಟ್ಟಿನ ಒಳಬದಿಗೆ ಅಂಟಿಸಿದರು.